ಹದಿನಾರಕ್ಕೆ ಒಂದು: ಬಿದರಿಯ ಕಪ್ಪು ಕಲಿಸುವ ಲೋಹವಿದ್ಯೆ

ಬೀದರ್‌ನ ಬಿದರಿ ಕುಶಲಕರ್ಮಿಗಳ ಕೆಲಸದಲ್ಲಿ ಕಣ್ಣು ಕೀಲಿಸಿ ನೋಡಬೇಕಾದ ಗಳಿಗೆ ಕೊಟ್ಟಕೊನೆಗೆ ಬರುತ್ತದೆ. ಎರಕ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸಿ, ಉಳಿಯಿಂದ ಬಳ್ಳಿ ಹೂವು ಕೆತ್ತಿ, ಆ ಗೀರುಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ, ಮತ್ತೆ ಉಜ್ಜಿ ಸಮ ಮಾಡಿದ ಹೂಜಿ ಆ ಹೊತ್ತಿನಲ್ಲಿ ಮಂಕಾಗಿಯೇ ಇರುತ್ತದೆ. ಮೈಯೂ ಬಿಳಿಬೂದು, ಬೆಳ್ಳಿಯೂ ಬಿಳಿ. ಅಷ್ಟು ಶ್ರಮಪಟ್ಟು ಮಾಡಿದ ಕುಸುರಿಯನ್ನು ಹುಡುಕಿ ನೋಡಬೇಕು. ಕುಶಲಕರ್ಮಿ ಅದನ್ನು ಹದವಾಗಿ ಬಿಸಿ ಮಾಡುತ್ತಾರೆ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರವನ್ನು ನೀರಲ್ಲಿ ಕಲಸಿದ ಕೆಸರನ್ನು ಮೈತುಂಬ ಸವರಿ ಉಜ್ಜುತ್ತಾರೆ. ತೊಳೆದು ನೋಡಿದರೆ ಪಾತ್ರೆಯ ಮೈ ಕಡುಗಪ್ಪು. ಬೆಳ್ಳಿ ಮಾತ್ರ ಇದ್ದ ಹಾಗೆಯೇ ಬೆಳ್ಳಗೆ ಹೊಳೆಯುತ್ತದೆ.

ಒಂದೇ ಕೆಸರು, ಒಂದೇ ಬಿಸಿ, ಒಂದೇ ಕೈ. ಒಂದು ಲೋಹ ಕಪ್ಪಾಯಿತು, ಪಕ್ಕದ ಲೋಹ ಕದಲಲಿಲ್ಲ. ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಬಿದರಿಯ ಮೈ ಬಹುಪಾಲು ಸತು. ಆದರೆ ಅದೇ ಕೆಸರನ್ನು ಬರೀ ಸತುವಿನ ಮೇಲೆ ಉಜ್ಜಿದರೆ ಈ ಗಾಢ ಕಪ್ಪು ಬರುವುದಿಲ್ಲ. ಕಪ್ಪು ಬರಬೇಕಾದರೆ ಸತುವಿನ ಒಳಗೆ ಸ್ವಲ್ಪ ತಾಮ್ರ ಇರಲೇಬೇಕು. ಬೀದರ್‌ನವರು ಹೇಳುವ ಲೆಕ್ಕ 16 ಪಾಲು ಸತುವಿಗೆ 1 ಪಾಲು ತಾಮ್ರ. ನೂರಕ್ಕೆ ಆರರಷ್ಟೂ ಇಲ್ಲದ ಆ ತಾಮ್ರವೇ ಬಿದರಿಯನ್ನು ಬಿದರಿ ಮಾಡಿರುವುದು.

ಮಿಶ್ರಲೋಹ ಎಂದೊಡನೆ ಎರಡು ಲೋಹಗಳ ಗುಣ ಪಾಲಿಗೆ ತಕ್ಕಂತೆ ಬೆರೆತಿದೆ ಎಂದು ನಾವು ಊಹಿಸಿಕೊಳ್ಳುತ್ತೇವೆ. ಹಾಗಿದ್ದರೆ 17ರಲ್ಲಿ 16 ಪಾಲು ಸತುವಿರುವ ಬಿದರಿ ಹೆಚ್ಚುಕಡಿಮೆ ಸತುವಿನಂತೆಯೇ ನಡೆದುಕೊಳ್ಳಬೇಕಿತ್ತು. ಹಾಗಾಗುವುದಿಲ್ಲ. ಮಿಶ್ರಲೋಹದ ಗುಣ ನಿರ್ಧಾರವಾಗುವುದು ಯಾವ ಲೋಹ ಎಷ್ಟಿದೆ ಎಂಬುದರಿಂದ ಮಾತ್ರವಲ್ಲ, ಯಾವ ಪರಮಾಣು ಎಲ್ಲಿ ಕೂತಿದೆ ಎಂಬುದರಿಂದಲೂ. ಈ ಮಾತು ಬಿದರಿಯಲ್ಲಿ ಎಷ್ಟು ಚೆನ್ನಾಗಿ ಕಣ್ಣಿಗೆ ಕಾಣುತ್ತದೆಂದರೆ, ಲೋಹವಿದ್ಯೆಯ ಪಾಠವನ್ನು ಕನ್ನಡ ನಾಡಿನಲ್ಲಿ ಅಲ್ಲಿಂದಲೇ ಶುರು ಮಾಡಬೇಕು ಎಂದು ನನಗೆ ಅನಿಸುತ್ತದೆ.

ಆವಿಯಾಗಿ ಹುಟ್ಟುವ ಲೋಹ

ಬಿದರಿ ಹುಟ್ಟಬೇಕಾದರೆ ಮೊದಲು ಸತು ಕೈಗೆ ಸಿಗಬೇಕಿತ್ತು. ಅದು ಸುಲಭದ ಮಾತಾಗಿರಲಿಲ್ಲ. ತಾಮ್ರ, ಸೀಸ, ತವರ, ಕಬ್ಬಿಣಗಳನ್ನು ಅದಿರಿನಿಂದ ಬಿಡಿಸುವ ವಿದ್ಯೆ ಸಾವಿರಾರು ವರ್ಷ ಹಳೆಯದು. ಅದಿರನ್ನು ಇದ್ದಿಲಿನ ಜೊತೆ ಕಾಯಿಸಿದರೆ ಇಂಗಾಲವು ಆಮ್ಲಜನಕವನ್ನು ಕಿತ್ತುಕೊಂಡು ಹೋಗುತ್ತದೆ, ಲೋಹ ಕುಲುಮೆಯಲ್ಲಿ ಉಳಿಯುತ್ತದೆ. ಸತುವಿನ ಅದಿರು ಹೀಗೆ ಲೋಹವನ್ನು ಬಿಟ್ಟುಕೊಡಲು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬೇಕು. ಸತು ಕುದಿಯುವುದೋ 907 ಡಿಗ್ರಿಗೇ. ಹಾಗಾಗಿ ಅದು ಹುಟ್ಟುವಾಗಲೇ ಆವಿ. ಗಾಳಿ ತಾಗಿದೊಡನೆ ಉರಿದು ಬಿಳಿ ಪುಡಿಯಾಗಿ ಹಾರಿಹೋಗುತ್ತದೆ. ಕುಲುಮೆಯ ತಳದಲ್ಲಿ ಹುಡುಕಿದರೆ ಏನೂ ಸಿಗದು.

ಈ ಗಂಟನ್ನು ಬಿಡಿಸಿದವರು ರಾಜಸ್ಥಾನದ ಉದಯಪುರದ ಬಳಿಯ ಜಾವರ್‌ನ ಲೋಹಗಾರರು. ಬದನೆಕಾಯಿಯ ಆಕಾರದ ಮಣ್ಣಿನ ಮೂಸೆಗಳಲ್ಲಿ ಅದಿರನ್ನು ತುಂಬಿ, ಬಾಯಿಗೆ ಕೊಳವೆ ಜೋಡಿಸಿ, ಮೂಸೆಗಳನ್ನು ತಲೆಕೆಳಗಾಗಿ ತೂತುಗಳಿರುವ ಹಲಗೆಯ ಮೇಲೆ ನಿಲ್ಲಿಸುತ್ತಿದ್ದರು. ಮೇಲೆ ಬೆಂಕಿ, ಹಲಗೆಯ ಕೆಳಗೆ ತಂಪಾದ ಕೋಣೆ. ಸತುವಿನ ಆವಿಗೆ ಗಾಳಿ ಸೋಕದಂತೆ ಕೆಳಗಿಳಿದು, ತಣಿದು, ಹನಿಯಾಗಿ ಬೀಳುವುದೊಂದೇ ದಾರಿ. ಬಳಸಿ ಬಿಸಾಡಿದ ಅಂಥ ಮೂಸೆಗಳ ದಿಬ್ಬಗಳೇ ಜಾವರ್‌ನಲ್ಲಿವೆ. 1980ರ ದಶಕದಲ್ಲಿ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯ, ಬ್ರಿಟಿಷ್ ಮ್ಯೂಸಿಯಂ ಮತ್ತು ಹಿಂದೂಸ್ತಾನ್ ಜಿಂಕ್ ಸೇರಿ ನಡೆಸಿದ ಶೋಧನೆಯಲ್ಲಿ ಮೂಸೆಗಳು ಕುಲುಮೆಯಲ್ಲಿ ಜೋಡಿಸಿಟ್ಟ ಸ್ಥಿತಿಯಲ್ಲೇ ಸಿಕ್ಕವು. ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಎಂಬವರು ಸತು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಜಾವರ್‌ನಲ್ಲಿ ಅದಕ್ಕೆ ಶತಮಾನಗಳ ಮೊದಲೇ ದೊಡ್ಡ ಪ್ರಮಾಣದಲ್ಲಿ ಸತು ತಯಾರಾಗುತ್ತಿತ್ತು.

ಸತುವನ್ನು ಬಿಡಿಯಾಗಿ ತೆಗೆಯಲು ಬಾರದ ಕಾಲದಲ್ಲೂ ಹಿತ್ತಾಳೆ ಇತ್ತು. ತಾಮ್ರದ ಚೂರು, ಸತುವಿನ ಅದಿರು, ಇದ್ದಿಲು ಮೂರನ್ನೂ ಮುಚ್ಚಿದ ಮೂಸೆಯಲ್ಲಿ ಕಾಯಿಸಿದರೆ ಹುಟ್ಟಿದ ಆವಿಯನ್ನು ತಾಮ್ರವೇ ಹೀರಿಕೊಳ್ಳುತ್ತಿತ್ತು. ಆದರೆ ಈ ಹಾದಿಯಲ್ಲಿ ತಾಮ್ರದೊಳಗೆ ಹೋಗುವ ಸತುವಿಗೆ ಮಿತಿಯಿದೆ: ನೂರಕ್ಕೆ ಸುಮಾರು 30 ಪಾಲು. ನೂರಕ್ಕೆ 90ಕ್ಕೂ ಹೆಚ್ಚು ಪಾಲು ಸತುವಿರುವ ಬಿದರಿಯಂಥ ಲೋಹ ಹೀಗೆ ಸಿಗುವುದು ಸಾಧ್ಯವೇ ಇಲ್ಲ. ಸತುವಿನ ಗಟ್ಟಿ ಮೊದಲು ಕೈಗೆ ಬರಬೇಕು, ಆಮೇಲೆ ಬಿದರಿ. ಬಹಮನಿ ಸುಲ್ತಾನರು ಬೀದರ್ ಅನ್ನು ರಾಜಧಾನಿ ಮಾಡಿಕೊಂಡ 15ನೇ ಶತಮಾನದಲ್ಲಿ ಈ ಕಲೆ ಇಲ್ಲಿ ಬೇರೂರಿತು ಎಂಬುದು ಪರಂಪರೆಯ ಮಾತು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆಯಿತು. 2023ರಲ್ಲಿ ಬೀದರ್‌ನ ಹಿರಿಯ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು.

ಲೋಹದೊಳಗೆ ಲೋಹ ಕರಗುವ ಬಗೆ

ಈಗ ಬಿದರಿಯ ಮೂಸೆಯ ಹತ್ತಿರ ಹೋಗೋಣ. ಇಲ್ಲೊಂದು ಲೆಕ್ಕ ತಪ್ಪಿದಂತೆ ಕಾಣುತ್ತದೆ. ತಾಮ್ರ ಕರಗುವುದು 1085 ಡಿಗ್ರಿಗೆ. ಸತು 420 ಡಿಗ್ರಿಗೇ ಕರಗಿ, 907ಕ್ಕೆ ಕುದಿದು ಆವಿಯಾಗುತ್ತದೆ. ತಾಮ್ರ ಕರಗುವಷ್ಟು ಕಾಯಿಸಿದರೆ ಸತುವೇ ಉಳಿಯುವುದಿಲ್ಲ. ಹಾಗಾದರೆ ಎರಡೂ ಸೇರುವುದು ಹೇಗೆ? ಸಕ್ಕರೆ ಕಾಫಿಯಲ್ಲಿ ಕರಗಲು ಸಕ್ಕರೆಯನ್ನು ಪಾಕವಾಗುವಷ್ಟು ಕಾಯಿಸಬೇಕಿಲ್ಲವಲ್ಲ, ಇದೂ ಹಾಗೆಯೇ. ಕರಗಿದ ಸತು ತಾಮ್ರವನ್ನು ಅಂಚಿನಿಂದ ಒಂದೊಂದೇ ಪರಮಾಣುವಾಗಿ ತನ್ನೊಳಗೆ ಸೆಳೆದುಕೊಳ್ಳುತ್ತದೆ. ಬಿದರಿಯ ಪಾಲಿನಲ್ಲಿ ಬೆರೆಸಿದ ಲೋಹ 500 ಡಿಗ್ರಿಯ ಆಸುಪಾಸಿನಲ್ಲೇ ಪೂರ್ತಿ ದ್ರವವಾಗಿರುತ್ತದೆ. ಮಣ್ಣಿನ ಅಚ್ಚಿಗೆ ಹೊಯ್ಯಲು ಅಷ್ಟು ಸಾಕು.

ಲೋಹಗಳು ಇಷ್ಟು ಸಲೀಸಾಗಿ ಒಂದರೊಳಗೊಂದು ಬೆರೆಯುವುದಕ್ಕೆ ಕಾರಣ ಅವುಗಳ ಪರಮಾಣುಗಳನ್ನು ಹಿಡಿದಿಟ್ಟಿರುವ ಬಂಧದ ಸ್ವಭಾವ. ಲೋಹದಲ್ಲಿ ಪ್ರತಿ ಪರಮಾಣುವೂ ತನ್ನ ಹೊರಗಿನ ಎಲೆಕ್ಟ್ರಾನುಗಳನ್ನು ಸಾಮಾನ್ಯ ನಿಧಿಗೆ ಬಿಟ್ಟುಕೊಟ್ಟಿರುತ್ತದೆ. ಆ ಎಲೆಕ್ಟ್ರಾನುಗಳು ಇಡೀ ತುಂಡಿನಲ್ಲಿ ಓಡಾಡುತ್ತ ಎಲ್ಲ ಪರಮಾಣುಗಳನ್ನೂ ಒಟ್ಟಿಗೆ ಕಟ್ಟಿಹಾಕುತ್ತವೆ. ಇಂಥ ಪರಮಾಣುವಿನ ಪಕ್ಕ ಇಂಥದೇ ಇರಬೇಕು ಎಂಬ ಕಟ್ಟಳೆ ಇಲ್ಲ. ಹಾಗಾಗಿ ತಾಮ್ರದ ಜಾಗದಲ್ಲಿ ಸತು ಬಂದು ಕೂತರೂ ಬಂಧ ಮುರಿಯುವುದಿಲ್ಲ. ಹಿತ್ತಾಳೆ ಹೀಗೆ ಜಾಗ ಬದಲಾಯಿಸಿಕೊಂಡ ಮಿಶ್ರಲೋಹ. ಉಕ್ಕಿನ ರೀತಿ ಬೇರೆ. ಅಲ್ಲಿ ಇಂಗಾಲದ ಪರಮಾಣು ಬಲು ಚಿಕ್ಕದು, ಕಬ್ಬಿಣದ ಜಾಗವನ್ನು ಕಿತ್ತುಕೊಳ್ಳದೆ ಎರಡು ಪರಮಾಣುಗಳ ನಡುವಿನ ಸಂದಿನಲ್ಲಿ ನುಸುಳಿ ಕೂರುತ್ತದೆ.

ಎರಡೂ ಬಗೆಯಲ್ಲಿ ಲೋಹ ಗಟ್ಟಿಯಾಗುತ್ತದೆ, ಏಕೆಂದರೆ ಬಾಗುವುದು ಎಂದರೆ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದು. ಶುದ್ಧ ಲೋಹದಲ್ಲಿ ಪದರ ಸಪಾಟು, ಜಾರುವಿಕೆ ಸರಾಗ. ಬೇರೆ ಗಾತ್ರದ ಪರಮಾಣು ಅಲ್ಲಲ್ಲಿ ಬಂದು ಕೂತರೆ ಪದರ ಅಂಕುಡೊಂಕಾಗಿ ಜಾರುವಿಕೆಗೆ ತಡೆ ಬೀಳುತ್ತದೆ. ಎಲೆಕ್ಟ್ರಾನುಗಳ ಓಟಕ್ಕೂ ಅದೇ ತಡೆ. ನೂರಕ್ಕೆ 30 ಪಾಲು ಸತುವಿರುವ ಹಿತ್ತಾಳೆ ತಾಮ್ರಕ್ಕಿಂತ ಗಟ್ಟಿ. ಆದರೆ ವಿದ್ಯುತ್ ಹರಿಸುವ ಶಕ್ತಿಯಲ್ಲಿ ಅದು ತಾಮ್ರದ ಮೂರನೇ ಒಂದು ಭಾಗಕ್ಕೂ ಸಾಲದು. ಮನೆಯ ವೈರಿಂಗ್‌ಗೆ ಶುದ್ಧ ತಾಮ್ರವೇ ಬೇಕು, ಸ್ವಿಚ್ಚಿನೊಳಗಿನ ಸ್ಕ್ರೂ ಪಟ್ಟಿಗಳಿಗೆ ಹಿತ್ತಾಳೆ ಬೇಕು ಎನ್ನುವುದರ ಹಿಂದಿನ ಕಾರಣ ಇದೇ.

ತಾಮ್ರ ಉದಾರಿ, ಸತು ಜಿಪುಣ

ಒಂದು ಲೋಹ ಇನ್ನೊಂದಕ್ಕೆ ಎಷ್ಟು ಜಾಗ ಕೊಡುತ್ತದೆ ಎಂಬುದಕ್ಕೆ ನಿಯಮಗಳನ್ನು ಕಂಡುಕೊಂಡವರು ಆಕ್ಸ್‌ಫರ್ಡ್‌ನ ವಿಲಿಯಂ ಹ್ಯೂಮ್-ರಾದರಿ. ಎಳೆಯ ವಯಸ್ಸಿನಲ್ಲಿ ಸೇನೆಗೆ ಸೇರಲು ಹೊರಟಿದ್ದ ಅವರು 1917ರಲ್ಲಿ ಮಿದುಳಿನ ಪೊರೆಯ ಉರಿಯೂತದಿಂದ ಕೇಳುವ ಶಕ್ತಿ ಕಳೆದುಕೊಂಡರು. ಆ ದಾರಿ ಮುಚ್ಚಿದ ಮೇಲೆ ರಸಾಯನ ವಿಜ್ಞಾನಕ್ಕೆ ಬಂದು, ಬದುಕನ್ನು ಪೂರ್ತಿಯಾಗಿ ಮಿಶ್ರಲೋಹಗಳಿಗೆ ಕೊಟ್ಟರು. ಅವರ ಮೊದಲ ನಿಯಮ ಗಾತ್ರದ್ದು: ಎರಡು ಪರಮಾಣುಗಳ ಗಾತ್ರದಲ್ಲಿ ನೂರಕ್ಕೆ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಇನ್ನೊಂದರಲ್ಲಿ ಹೆಚ್ಚು ಕರಗದು. ತಾಮ್ರ ಸತುಗಳ ಗಾತ್ರದಲ್ಲಿ ವ್ಯತ್ಯಾಸ ಬಲು ಕಡಿಮೆ, ನೂರಕ್ಕೆ ಐದರ ಆಸುಪಾಸು. ಆ ಮಟ್ಟಿಗೆ ಅವು ಒಳ್ಳೆಯ ಜೋಡಿ.

ಆದರೆ ಈ ಜೋಡಿಯ ಕೊಡುಕೊಳ್ಳುವಿಕೆ ಸಮನಾಗಿಲ್ಲ. ತಾಮ್ರವು ತನ್ನ ಹರಳಿನ ಜೋಡಣೆಯನ್ನು ಕೆಡಿಸಿಕೊಳ್ಳದೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಸತುವಿಗೆ ಜಾಗ ಕೊಡುತ್ತದೆ. ಸತು ಮಾತ್ರ ಕರಗುವ ಬಿಸಿಯ ಹತ್ತಿರದಲ್ಲೂ ನೂರಕ್ಕೆ 3 ಪಾಲಿನಷ್ಟು ತಾಮ್ರವನ್ನು ಕೂಡ ತನ್ನೊಳಗೆ ಇಟ್ಟುಕೊಳ್ಳದು. ತಣ್ಣಗಾದಂತೆ ಆ ಜಾಗ ಇನ್ನೂ ಕುಗ್ಗುತ್ತದೆ. ಇದಕ್ಕೆ ಎರಡು ಕಾರಣ. ತಾಮ್ರದ ಪರಮಾಣುಗಳು ಘನಾಕಾರದ ಜೋಡಣೆಯಲ್ಲಿರುತ್ತವೆ, ಸತುವಿನವು ಒಂದು ದಿಕ್ಕಿಗೆ ಎಳೆದಂತಿರುವ ಷಟ್ಕೋನದ ಜೋಡಣೆಯಲ್ಲಿ. ಇನ್ನೊಂದು ಎಲೆಕ್ಟ್ರಾನುಗಳ ಲೆಕ್ಕ. ತಾಮ್ರದ ಪರಮಾಣು ಸಾಮಾನ್ಯ ನಿಧಿಗೆ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಸತು ಎರಡು ಕೊಡುತ್ತದೆ. ಕಡಿಮೆ ಕೊಡುವ ಲೋಹವು ಹೆಚ್ಚು ಕೊಡುವ ಲೋಹವನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ತಿರುಗಿಸಿದರೆ ಅಷ್ಟು ಸುಲಭವಲ್ಲ ಎಂದು ಹ್ಯೂಮ್-ರಾದರಿ ತೋರಿಸಿದರು.

ಹಾಗಾದರೆ ಬಿದರಿಯೊಳಗಿನ ಮಿಕ್ಕ ತಾಮ್ರ ಎಲ್ಲಿಗೆ ಹೋಗುತ್ತದೆ? ಅದು ಸತುವನ್ನೇ ಜೊತೆಗೆ ಸೇರಿಸಿಕೊಂಡು ಬೇರೆಯದೇ ಹರಳು ಕಟ್ಟುತ್ತದೆ. ಲೋಹವಿದ್ಯೆಯವರು ಇದನ್ನು ಎಪ್ಸಿಲಾನ್ ಹಂತ ಎನ್ನುತ್ತಾರೆ. ಇದರಲ್ಲಿ ಸುಮಾರಾಗಿ ನಾಲ್ಕೈದು ಸತು ಪರಮಾಣುಗಳಿಗೆ ಒಂದು ತಾಮ್ರ. ಎಲೆಕ್ಟ್ರಾನುಗಳನ್ನು ಎಣಿಸಿದರೆ ನಾಲ್ಕು ಪರಮಾಣುಗಳಿಗೆ ಏಳು ಎಲೆಕ್ಟ್ರಾನುಗಳ ಹತ್ತಿರ ಬಂದು ನಿಲ್ಲುತ್ತದೆ. ಬೇರೆ ಬೇರೆ ಲೋಹಗಳ ಜೋಡಿಗಳಲ್ಲೂ ಇದೇ ಅನುಪಾತದ ಸುತ್ತ ಇದೇ ಬಗೆಯ ಹರಳು ಹುಟ್ಟುತ್ತದೆ. ಶಾಲೆಯಲ್ಲಿ ಕಲಿತ ವೇಲೆನ್ಸಿಯ ನಿಯಮಗಳು ಇಲ್ಲಿ ನಡೆಯುವುದಿಲ್ಲ. ಲೋಹಗಳು ತಮ್ಮತಮ್ಮಲ್ಲಿ ಸಂಯುಕ್ತ ಕಟ್ಟುವಾಗ ಲೆಕ್ಕ ಬೀಳುವುದು ಎಲ್ಲರೂ ಕೂಡಿ ಹಂಚಿಕೊಂಡ ಎಲೆಕ್ಟ್ರಾನುಗಳ ಮೇಲೆ.

ಬಿದರಿಯ ಒಂದು ಚೂರನ್ನು ಕನ್ನಡಿಯಂತೆ ನಯಗೊಳಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಬಹುಮಟ್ಟಿಗೆ ಸತುವೇ ಆಗಿರುವ ಹಿನ್ನೆಲೆ, ಅದರಲ್ಲಿ ಕೊಂಬೆ ಚಾಚಿಕೊಂಡ ತಾಮ್ರಭರಿತ ಹರಳುಗಳು. ಎರಕದ ಲೋಹ ತಣಿಯುವಾಗ ಮೊದಲು ಗಟ್ಟಿಯಾಗುವುದು ಆ ಕೊಂಬೆಗಳು, ಉಳಿದ ಸತು ಅವುಗಳ ಸುತ್ತ ಆಮೇಲೆ ಹೆಪ್ಪುಗಟ್ಟುತ್ತದೆ. ಕಣ್ಣಿಗೆ ಒಂದೇ ಸಮನಾಗಿ ಕಾಣುವ ಬೂದು ಲೋಹದೊಳಗೆ ಎರಡು ನೆರೆಹೊರೆಗಳಿವೆ. ಬಿದರಿಯ ರಸಾಯನವೆಲ್ಲ ಆ ಎರಡರ ನಡುವಿನ ವ್ಯವಹಾರ.

ಈ ಒಳಜೋಡಣೆಯಿಂದಲೇ ಬಿದರಿಯ ತಯಾರಿಕೆಯ ಕ್ರಮವೂ ನಿರ್ಧಾರವಾಗಿದೆ. ಸತುವಿನ ಷಟ್ಕೋನ ಹರಳಿನಲ್ಲಿ ಪದರಗಳು ಸುಲಭವಾಗಿ ಜಾರುವ ದಿಕ್ಕುಗಳು ಕಡಿಮೆ. ತಾಮ್ರದ ಬಿಂದಿಗೆಯನ್ನು ಬಡಿದು ಉಬ್ಬಿಸುವಂತೆ ಇದನ್ನು ಬಡಿಯಲು ಹೋದರೆ ಬಿರುಕು ಬಿಡುತ್ತದೆ. ಬಿದರಿ ಪಾತ್ರೆ ಯಾವಾಗಲೂ ಎರಕದ್ದು, ಕೈಜಾರಿ ಬಿದ್ದರೆ ಒಡೆಯುವ ಭಯವೂ ಇದೆ. ಬೆಳ್ಳಿ ಅದಕ್ಕೆ ಪೂರ್ತಿ ವಿರುದ್ಧ. ಘನ ಜೋಡಣೆಯ ಮೆತ್ತನೆಯ ಲೋಹ. ಉಳಿಯಿಂದ ತೋಡಿದ ಗೀರಿನ ಮೇಲೆ ತಂತಿಯಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬೆಳ್ಳಿ ಹರಡಿ ಗೀರಿನ ಗೋಡೆಗಳನ್ನು ಕಚ್ಚಿಕೊಳ್ಳುತ್ತದೆ. ಅಂಟು ಬೇಡ, ಬೆಸುಗೆ ಬೇಡ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದೂ ತಗಡು ಕೂರಿಸುವ ಕೆಲಸಕ್ಕೆ ತಹನಿಶಾನ್ ಎಂದೂ ಹೆಸರು. ಗಡಸು ಮೈ, ಮೆದು ಬೆಳ್ಳಿ ಈ ಎರಡೂ ಕೂಡಿದ್ದರಿಂದಲೇ ಇವು ಸಾಧ್ಯವಾದವು.

ಎರಡು ಸಲ ಕಪ್ಪು

ಬಿದರಿಯ ಪಾತ್ರೆ ಎರಡು ಸಲ ಕಪ್ಪಾಗುತ್ತದೆ ಎಂಬುದು ಅನೇಕರಿಗೆ ತಿಳಿಯದು. ಮೊದಲ ಸಲ ನಕ್ಷೆ ಬರೆಯುವುದಕ್ಕೆ. ನಯಗೊಳಿಸಿದ ಪಾತ್ರೆಗೆ ಮೈಲುತುತ್ತದ ನೀರು ಸವರುತ್ತಾರೆ, ಮೈ ತಟ್ಟನೆ ಕಪ್ಪಾಗುತ್ತದೆ. ಮೊನಚು ಕಡ್ಡಿಯಿಂದ ಗೀಚಿದ ಗೆರೆ ಆ ಕಪ್ಪಿನ ಮೇಲೆ ಬೆಳ್ಳಗೆ ಎದ್ದು ಕಾಣುತ್ತದೆ. ಕೆತ್ತನೆ ಮುಗಿದು ಉಜ್ಜುವಾಗ ಈ ಕಪ್ಪು ಅಳಿಸಿಹೋಗುತ್ತದೆ.

ಇಲ್ಲಿ ನಡೆಯುವುದು ಲೋಹಗಳ ಸ್ಥಾನಪಲ್ಲಟ. ಎಲೆಕ್ಟ್ರಾನ್ ಬಿಟ್ಟುಕೊಟ್ಟು ದ್ರಾವಣಕ್ಕೆ ಇಳಿದುಬಿಡುವ ಆತುರ ಎಲ್ಲ ಲೋಹಗಳಿಗೂ ಒಂದೇ ಅಲ್ಲ. ಅದನ್ನು ವೋಲ್ಟಿನಲ್ಲಿ ಅಳೆಯುತ್ತಾರೆ. ಸತುವಿಗೆ ಮೈನಸ್ 0.76, ತಾಮ್ರಕ್ಕೆ ಪ್ಲಸ್ 0.34, ಬೆಳ್ಳಿಗೆ ಪ್ಲಸ್ 0.80. ಅಂಕಿ ಕೆಳಗಿಳಿದಷ್ಟೂ ಆತುರ ಹೆಚ್ಚು. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಅದರ ನೀರು ತಾಗಿದೊಡನೆ ಸತು ಕರಗಿ ನೀರಿಗಿಳಿಯುತ್ತದೆ, ಅದು ಬಿಟ್ಟ ಎಲೆಕ್ಟ್ರಾನುಗಳನ್ನು ಹಿಡಿದು ನೀರಿನಲ್ಲಿದ್ದ ತಾಮ್ರ ಲೋಹವಾಗಿ ಪಾತ್ರೆಯ ಮೈಮೇಲೆ ಕೂರುತ್ತದೆ. ಕೂರುವುದು ಅತಿ ಸಣ್ಣ ಕಣಗಳಾಗಿ. ತಾಮ್ರ ಎಂದರೆ ಕೆಂಪು ಎಂಬ ರೂಢಿ ಆ ಗಾತ್ರದಲ್ಲಿ ನಡೆಯುವುದಿಲ್ಲ. ಬೆಳಕು ಕಣಗಳ ನಡುವೆ ಸಿಕ್ಕಿ ಹೀರಿಹೋಗಿ ಮೈ ಕಪ್ಪಗೆ ಕಾಣುತ್ತದೆ. ಈ ಕಪ್ಪಿಗೆ ಬೇಕಾದ ತಾಮ್ರ ಹೊರಗಿನಿಂದ ಬಂದದ್ದು. ಹಾಗಾಗಿ ಹಿಡಿತವೂ ಕಡಿಮೆ.

ಎರಡನೆಯ ಕಪ್ಪಿಗೆ ಬೇಕಾದ ತಾಮ್ರ ಒಳಗಿನದು. ಕೆಸರಿನಲ್ಲಿರುವ ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಬಿಸಿ ಮೈಮೇಲೆ ಅದು ಹುಳಿಯ ಗುಣ ತೋರಿಸುತ್ತದೆ, ಜೊತೆಗೆ ಅಮೋನಿಯಾ ಬಿಡುತ್ತದೆ. ಕೋಟೆಯ ಮಣ್ಣಿನಲ್ಲಿ ಪೆಟ್ಲುಪ್ಪಿನ ಜಾತಿಯ ನೈಟ್ರೇಟ್ ಲವಣಗಳಿವೆ, ಅವು ಆಮ್ಲಜನಕ ಒದಗಿಸುವ ವಸ್ತುಗಳು. ಇವೆಲ್ಲ ಸೇರಿ ಮೇಲ್ಮೈಯ ಮೇಲೆರಗಿದಾಗ ಮೊದಲು ಕರಗಿ ಹೋಗುವುದು ಆತುರಗಾರ ಸತು. ಹಿಂದುಳಿದ ತಾಮ್ರದ ಪಾಲು ಮೇಲ್ಮೈಯಲ್ಲಿ ಏರುತ್ತ ಹೋಗುತ್ತದೆ. ದ್ರಾವಣಕ್ಕೆ ಇಳಿದ ಅಷ್ಟಿಷ್ಟು ತಾಮ್ರವೂ ಮತ್ತೆ ಬಂದು ಮೈಗೆ ಅಂಟುತ್ತದೆ. ತಾಮ್ರಭರಿತ ಹರಳೊಂದರ ಪಕ್ಕದಲ್ಲೇ ಸತುಭರಿತ ಹಿನ್ನೆಲೆ, ನಡುವೆ ಲವಣದ ತೇವ. ಇದು ಸಾಕ್ಷಾತ್ ಬ್ಯಾಟರಿಯೇ. ಪಾತ್ರೆಯ ಮೈಯಲ್ಲಿ ಅಂಥ ಲೆಕ್ಕವಿಲ್ಲದಷ್ಟು ಪುಟ್ಟ ಬ್ಯಾಟರಿಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಕೊನೆಗೆ ಉಳಿಯುವುದು ತಾಮ್ರದ ಸಂಯುಕ್ತಗಳು ತುಂಬಿದ, ಬಲು ತೆಳುವಾದ, ಮೈಗೆ ಕಚ್ಚಿಕೊಂಡ ಕಪ್ಪು ಪದರ. ಬೆಳ್ಳಿಗೆ ಎಲೆಕ್ಟ್ರಾನ್ ಬಿಡುವ ಆತುರವಿಲ್ಲ. ಅದು ತನ್ನ ಪಾಡಿಗೆ ಇರುತ್ತದೆ.

ಲಂಡನ್ನಿನ ಸಂಗ್ರಹಾಲಯಗಳ ವಿಜ್ಞಾನಿಗಳಾದ ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಹಳೆಯ ಬಿದರಿ ಪಾತ್ರೆಗಳನ್ನು ಪರೀಕ್ಷಿಸಿ 1987ರಲ್ಲಿ ವಿವರ ಪ್ರಕಟಿಸಿದರು. ಸತುವೇ ಪ್ರಧಾನ, ಚಿಕ್ಕ ಪಾಲು ತಾಮ್ರ, ಜೊತೆಗೆ ಸೀಸ ಮತ್ತು ಅಲ್ಪಸ್ವಲ್ಪ ತವರ ಅವರಿಗೆ ಕಂಡುಬಂದವು. ಪ್ರಯೋಗಾಲಯದ ಉಪಕರಣಗಳಿಂದ ಕಂಡುಕೊಂಡ ಈ ಪಾಲನ್ನು ಬೀದರ್‌ನವರು ತಲೆಮಾರುಗಳಿಂದ ತಕ್ಕಡಿಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

ಮಣ್ಣಿನ ಆಯ್ಕೆಯಲ್ಲೂ ಅಷ್ಟೇ ಎಚ್ಚರ. ಕೋಟೆಯ ಬಿಸಿಲು ಮಳೆ ಸೋಕದ ಹಳೆಯ ಮೂಲೆಗಳ ಮಣ್ಣೇ ಬೇಕು ಎನ್ನುತ್ತಾರೆ. ಈ ಮಾತು ರಸಾಯನಕ್ಕೆ ತಾಳೆಯಾಗುತ್ತದೆ. ನೈಟ್ರೇಟ್ ಲವಣಗಳು ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಮಳೆ ಬೀಳುವ ಕಡೆ ಅವು ತೊಳೆದುಹೋಗುತ್ತವೆ, ಮರೆಯಲ್ಲಿದ್ದ ಕಡೆ ಉಳಿದು ಕೂಡುತ್ತವೆ. ಮಣ್ಣನ್ನು ಆರಿಸುವಾಗ ಒಂದು ಚಿಟಿಕೆ ನಾಲಿಗೆಗೆ ಇಟ್ಟು ರುಚಿ ನೋಡುತ್ತಾರೆ. ಲವಣ ಪತ್ತೆ ಹಚ್ಚಲು ನಾಲಿಗೆ ಒಳ್ಳೆಯ ಸಾಧನವೇ ಸರಿ.

ಒಂದು ಕಡೆ ಅಂದ, ಇನ್ನೊಂದು ಕಡೆ ಅಪಾಯ

ಬೀದರ್‌ನಲ್ಲಿ ಬೇಕೆಂದು ಬರಿಸಿಕೊಳ್ಳುವ ಈ ಪ್ರಕ್ರಿಯೆ ಬೇರೆ ಕಡೆ ಬೇಡದ ಕಾಟ. ಹಳೆಯ ಹಿತ್ತಾಳೆ ನಲ್ಲಿಯೊಂದು ಅಲ್ಲಲ್ಲಿ ಕೆಂಪಗಾಗಿ, ಮುಟ್ಟಿದರೆ ಪುಡಿಯಾಗುವಂತಾದದ್ದನ್ನು ಕೊಳಾಯಿ ಕೆಲಸದವರು ನೋಡಿಯೇ ಇರುತ್ತಾರೆ. ಉಪ್ಪಿನಂಶದ ನೀರು ವರ್ಷಗಟ್ಟಲೆ ಹರಿದು ಹಿತ್ತಾಳೆಯೊಳಗಿನ ಸತುವನ್ನಷ್ಟೇ ಕರಗಿಸಿ ಒಯ್ದಿದೆ, ತೂತುತೂತಾದ ಕೆಂಪು ತಾಮ್ರದ ಹಂದರ ಉಳಿದಿದೆ. ನೂರಕ್ಕೆ 15ಕ್ಕಿಂತ ಹೆಚ್ಚು ಸತುವಿರುವ ಹಿತ್ತಾಳೆಗೆ ಈ ರೋಗದ ಭಯ ಹೆಚ್ಚು. ಮದ್ದು ಏನೆಂದರೆ ನೂರಕ್ಕೆ ಅರ್ಧ ಪಾಲೂ ಬೇಡ, 0.02ರಿಂದ 0.06ರಷ್ಟು ಆರ್ಸೆನಿಕ್ ಸೇರಿಸಿದರೆ ಸಾಮಾನ್ಯ ಹಿತ್ತಾಳೆಯಲ್ಲಿ ಸತು ಹೊರಗೆ ಹೋಗುವುದು ನಿಂತುಹೋಗುತ್ತದೆ.

ಬೆಂಗಳೂರಿಗೆ ಬಂದರೆ ಇದೇ ಪಾಠದ ಮತ್ತೊಂದು ಮುಖ ಎದುರಾಗುತ್ತದೆ. 1940ರಲ್ಲಿ ಇಲ್ಲಿ ವಿಮಾನ ಕಾರ್ಖಾನೆ ಶುರುವಾದಾಗ ಜಗತ್ತಿನ ವಿಮಾನಗಳ ಮೈ ಡ್ಯುರಾಲುಮಿನ್‌ನಂಥ ಲೋಹದ್ದಾಗಿತ್ತು. ಅದು ಅಲ್ಯೂಮಿನಿಯಂಗೆ ನೂರಕ್ಕೆ ನಾಲ್ಕರಷ್ಟು ತಾಮ್ರ ಸೇರಿಸಿದ ಮಿಶ್ರಲೋಹ. ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ಇದರ ಗುಣ ಕಂಡುಕೊಂಡರು. ಕಾಯಿಸಿ, ನೀರಿಗೆ ಅದ್ದಿ, ಸುಮ್ಮನೆ ಇಟ್ಟರೆ ಲೋಹ ದಿನ ಕಳೆದಂತೆ ತಾನೇ ಗಟ್ಟಿಯಾಗುತ್ತದೆ. ಏಕೆ ಎಂಬುದು 1938ರವರೆಗೂ ಒಗಟಾಗಿತ್ತು. ಫ್ರಾನ್ಸಿನ ಗಿನಿಯೇ, ಇಂಗ್ಲೆಂಡಿನ ಪ್ರೆಸ್ಟನ್ ಇಬ್ಬರೂ ಬೇರೆ ಬೇರೆಯಾಗಿ ಎಕ್ಸ್-ರೇ ಹಾಯಿಸಿ ನೋಡಿದಾಗ, ಅಲ್ಯೂಮಿನಿಯಂನೊಳಗೆ ತಾಮ್ರದ ಪರಮಾಣುಗಳು ಒಂದೆರಡು ಪದರ ದಪ್ಪದ ಬಿಲ್ಲೆಗಳಾಗಿ ಗುಂಪುಗೂಡಿರುವುದು ಗೊತ್ತಾಯಿತು. ಪದರಗಳ ಜಾರುವಿಕೆಗೆ ಆ ಬಿಲ್ಲೆಗಳೇ ಅಡ್ಡಿ.

ಬಲದ ಜೊತೆಗೆ ಬೆಲೆಯನ್ನೂ ತೆರಬೇಕಾಯಿತು. ತಾಮ್ರಭರಿತ ಕಣಗಳ ಪಕ್ಕದ ಅಲ್ಯೂಮಿನಿಯಂ ತೇವದಲ್ಲಿ ಕರಗತೊಡಗಿತು. ಬಿದರಿಯಲ್ಲಿ ಕಪ್ಪು ತರಿಸುವ ಅದೇ ಪುಟ್ಟ ಬ್ಯಾಟರಿಗಳು ಇಲ್ಲಿ ರೆಕ್ಕೆಯ ತಗಡನ್ನು ತಿನ್ನುವ ತುಕ್ಕಾದವು. ಇಂಜಿನಿಯರುಗಳು ತಗಡಿನ ಎರಡೂ ಮಗ್ಗುಲಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಹೊದಿಕೆ ಹಾಕಿ ಅದನ್ನು ಉಳಿಸಿಕೊಂಡರು. ಒಳಗೆ ಬಲವುಳ್ಳ ಮಿಶ್ರಲೋಹ, ಹೊರಗೆ ಗಾಳಿ ನೀರಿಗೆ ಜಗ್ಗದ ಶುದ್ಧ ಲೋಹ. ಕಬ್ಬಿಣದ ವಿಷಯದಲ್ಲಿ ಲೆಕ್ಕ ತಿರುಗಾಮುರುಗಾ. ಶುದ್ಧ ಕಬ್ಬಿಣ ತುಕ್ಕು ಹಿಡಿಯುತ್ತದೆ, ನೂರಕ್ಕೆ 10.5ರಷ್ಟಾದರೂ ಕ್ರೋಮಿಯಂ ಸೇರಿಸಿದರೆ ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡಿನ ಪೊರೆ ಹುಟ್ಟಿ ಅದನ್ನು ಕಾಯುತ್ತದೆ. ನಮ್ಮ ಅಡುಗೆಮನೆಯ ಸ್ಟೀಲ್ ತಟ್ಟೆ ಗೀರಿದರೂ ತುಕ್ಕು ಹಿಡಿಯದು, ಗೀರಿದ ಜಾಗದಲ್ಲಿ ಪೊರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ.

ನವಸಾಗರದ ಇನ್ನೊಂದು ಉಪಯೋಗ ಹಳಬರಿಗೆ ಚೆನ್ನಾಗಿ ಗೊತ್ತು. ಕಲಾಯಿ ಹಾಕುವವರು ಹಿತ್ತಾಳೆ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಸವರಿ ಹತ್ತಿಯಿಂದ ಉಜ್ಜುತ್ತಾರೆ. ನವಸಾಗರ ಮೇಲ್ಮೈಯ ಆಕ್ಸೈಡನ್ನು ತೆಗೆದುಹಾಕುತ್ತದೆ, 232 ಡಿಗ್ರಿಗೆ ಕರಗುವ ತವರ ಬರಿದಾದ ಲೋಹವನ್ನು ಮುಟ್ಟುತ್ತದೆ. ಆಗ ಗಡಿಯಲ್ಲಿ ಆರು ತಾಮ್ರ, ಐದು ತವರ ಪರಮಾಣುಗಳ ಲೆಕ್ಕದಲ್ಲಿ ತೆಳುವಾದ ಸಂಯುಕ್ತ ಹುಟ್ಟಿ ಎರಡನ್ನೂ ಬೆಸೆಯುತ್ತದೆ. ಕಲಾಯಿ ಬಣ್ಣದಂತೆ ಸುಲಿದು ಬರದಿರುವುದು ಇದೇ ಕಾರಣಕ್ಕೆ. ಹುಣಸೆಹುಳಿಯ ಸಾರು ತಾಮ್ರವನ್ನು ಮುಟ್ಟದಂತೆ ಕಾಯುವುದು ಈ ತವರದ ಪದರ.

ಅದೇ ತಾಮ್ರ, ತವರಗಳ ಪಾಲನ್ನು ಏರಿಸುತ್ತ ಹೋದರೆ ಮತ್ತೊಂದು ಲೋಕ. ನೂರಕ್ಕೆ 10ರ ಆಸುಪಾಸು ತವರವಿದ್ದರೆ ವಿಗ್ರಹ ಎರಕಕ್ಕೆ ಒದಗುವ ಕಂಚು. 20 ದಾಟಿದರೆ ಗಂಟೆಯ ಕಂಚು, ಬಡಿದಾಗ ನಾದ ಉಳಿಯುತ್ತದೆ, ಆದರೆ ಪೆಟ್ಟಿಗೆ ಬಿರಿಯುತ್ತದೆ. 33ರ ಹತ್ತಿರ ಹೋದರೆ ಕೇರಳದ ಆರನ್ಮುಳ ಕನ್ನಡಿಯ ಲೋಹ, ಉಜ್ಜಿ ನಯಗೊಳಿಸಿದರೆ ಬಿಳಿಯಾಗಿ ಹೊಳೆದು ಮುಖ ತೋರಿಸುತ್ತದೆ. ಇದರ ಒಳರಚನೆಯನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಆಳವಾಗಿ ಅಭ್ಯಸಿಸಿದ್ದಾರೆ. ಲೋಹಗಳು ಅವೇ ಎರಡು. ಬದಲಾದದ್ದು ಪಾಲು, ಪಾಲಿನ ಜೊತೆಗೆ ಒಳಗಿನ ಹರಳು.

ಮನೆಯಲ್ಲಿ, ಶಾಲೆಯಲ್ಲಿ

ಈ ರಸಾಯನ ತಿಳಿದರೆ ಮನೆಯಲ್ಲಿರುವ ಬಿದರಿಯನ್ನು ನೋಡಿಕೊಳ್ಳುವುದೂ ಸುಲಭ. ಅದರ ಕಪ್ಪು ಬಳಿದ ಬಣ್ಣವಲ್ಲ, ಲೋಹದ ಮೈಯಲ್ಲೇ ಹುಟ್ಟಿದ ಪದರ. ಆದರೆ ಬಲು ತೆಳು. ಹುಣಸೆಹಣ್ಣು, ನಿಂಬೆಹುಳಿ ಹಾಕಿ ತಿಕ್ಕಿದರೆ ಹುಳಿ ಆ ಪದರವನ್ನು ಕರಗಿಸಿ ಅಡಿಯ ಸತುವನ್ನು ಹೊರಗೆಡವುತ್ತದೆ. ಪಾತ್ರೆ ತೊಳೆಯುವ ಒರಟು ಪುಡಿಯೂ ಬೇಡ. ಬೆಳ್ಳಿ ಕಾಲಾಂತರದಲ್ಲಿ ಗಾಳಿಯ ಗಂಧಕದಿಂದ ಮಂಕಾದರೆ ಮೆತ್ತನೆಯ ಬಟ್ಟೆಯಿಂದ ಬೆಳ್ಳಿಯನ್ನಷ್ಟೇ ಒರೆಸಬೇಕು. ಒಣಗಿಸಿ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ತೇವ ದೂರವಿರುತ್ತದೆ, ಕಪ್ಪೂ ಗಾಢವಾಗುತ್ತದೆ.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮೈಲುತುತ್ತದ ದ್ರಾವಣಕ್ಕೆ ಕಬ್ಬಿಣದ ಮೊಳೆ ಇಳಿಬಿಡುವ ಪ್ರಯೋಗವಿದೆ. ಮಿಶ್ರಲೋಹದ ಭಾಗದಲ್ಲಿ ಹಿತ್ತಾಳೆ, ಕಂಚು, ಬೆಸುಗೆಯ ಲೋಹ, ದಿಲ್ಲಿಯ ಕಬ್ಬಿಣದ ಕಂಬ ಬರುತ್ತವೆ. ಇವೆಲ್ಲ ಇರಬೇಕಾದವೇ. ಆದರೆ ಸ್ಥಾನಪಲ್ಲಟ, ಲೋಹಗಳ ಕ್ರಿಯಾಶೀಲತೆಯ ಸಾಲು, ಕರಗುವ ಮಿತಿ, ತುಕ್ಕಿನ ರಹಸ್ಯ ಎಲ್ಲವನ್ನೂ ಒಂದೇ ವಸ್ತುವಿನಲ್ಲಿ ತೋರಿಸಬಲ್ಲ ಬಿದರಿ ನಮ್ಮ ರಾಜ್ಯದಲ್ಲೇ ಇದೆ. ಮೇಷ್ಟರು ತರಗತಿಗೆ ಒಂದು ಸತುವಿನ ಚೂರು, ಒಂದು ಬಿದರಿ ಚೂರು, ಒಂದು ಹನಿ ಮೈಲುತುತ್ತದ ನೀರು ತಂದರೆ ಮಕ್ಕಳು ಅರ್ಧ ಗಂಟೆಯಲ್ಲಿ ಕಲಿಯುವುದನ್ನು ಬಾಯಿಪಾಠ ವರ್ಷಪೂರ್ತಿ ಮಾಡಿದರೂ ಕಲಿಸಲಾರದು.

ಬಿದರಿಯನ್ನು ಕರಕುಶಲ ಕಲೆಯೆಂದು ಗೌರವಿಸುತ್ತೇವೆ, ಪ್ರಶಸ್ತಿ ಕೊಡುತ್ತೇವೆ, ಅತಿಥಿಗಳಿಗೆ ಕಾಣಿಕೆ ನೀಡುತ್ತೇವೆ. ಅದು ವಿಜ್ಞಾನವೂ ಹೌದು ಎಂದು ಒಪ್ಪಿಕೊಂಡಾಗ ಮಾತ್ರ ಆ ಗೌರವ ಪೂರ್ತಿಯಾಗುತ್ತದೆ. ಒಂದು ಲೋಹದ ಸ್ವಭಾವವನ್ನು ಅರಿತು, ಅದಕ್ಕೆ ಎಷ್ಟು ತಾಮ್ರ ಬೇಕೋ ಅಷ್ಟನ್ನೇ ಬೆರೆಸಿ, ಯಾವ ಲವಣ ಯಾವುದನ್ನು ಮುಟ್ಟುತ್ತದೆ, ಯಾವುದನ್ನು ಮುಟ್ಟುವುದಿಲ್ಲ ಎಂದು ಪರೀಕ್ಷಿಸಿ ಕಂಡುಕೊಂಡವರು ಬೀದರ್‌ನ ಕುಶಲಕರ್ಮಿಗಳು. ಅವರ ಹೆಸರಿನ ಪಾಠ ನಮ್ಮ ರಸಾಯನ ಪುಸ್ತಕದಲ್ಲಿ ಬರಬೇಕು, ಅವರ ಕಾರ್ಖಾನೆಗಳಿಗೆ ನಮ್ಮ ವಿಜ್ಞಾನ ವಿದ್ಯಾರ್ಥಿಗಳು ಕಲಿಯುವುದಕ್ಕೆಂದು ಹೋಗಬೇಕು.